ನೂರು ವರ್ಷ ತುಂಬದ ಸಂಪ್ರದಾಯ



ಕಳೆದ ಭಾನುವಾರ ಮಗಳು ಪ್ಯಾಡ್ ಥಾಯ್ ಮಾಡೋಣ ಎಂದು ಹಟ ಹಿಡಿದಳು. ಥಾಯ್ಲೆಂಡಿನ ಜನ ಬಾಣಲೆಯಲ್ಲಿ ಹುರಿದು ಮಾಡುವ ಅಕ್ಕಿ ನೂಡಲ್ಸ್ ಅದು. ಹುಣಸೆ, ಬೆಲ್ಲ, ಶೇಂಗಾ, ಮೊಟ್ಟೆ, ನಿಂಬೆಹಣ್ಣು ಮನೆಯಲ್ಲೇ ಇದ್ದವು. ನೂಡಲ್ಸ್, ಟೋಫು, ಫಿಶ್ ಸಾಸ್ ಅಂಗಡಿಯಿಂದ ತಂದೆವು. ನೂಡಲ್ಸನ್ನು ಕುದಿಸದೆ ತಣ್ಣೀರಿನಲ್ಲಿ ನೆನೆಸಬೇಕು. ಅರ್ಧ ಮೆತ್ತಗಾದರೆ ಸಾಕು, ಉಳಿದರ್ಧ ಹುಣಸೆ ರಸ ಹೀರಿಕೊಂಡು ಬಾಣಲೆಯಲ್ಲೇ ಬೇಯುತ್ತದೆ. ನಾವು ಎಲ್ಲರದ್ದನ್ನೂ ಒಟ್ಟಿಗೇ ಹಾಕಿ ಮುದ್ದೆ ಮಾಡಿದೆವು. ಎರಡನೇ ಸಲ ಒಬ್ಬೊಬ್ಬರ ಪಾಲನ್ನು ಬೇರೆ ಬೇರೆ ಹುರಿದಾಗ ಚೆನ್ನಾಗಿ ಬಂತು.

ತಿನ್ನುವಾಗ ಮಗಳು ಕೇಳಿದಳು: "ಅಪ್ಪಾ, ಇದು ಅವರ ಸಂಪ್ರದಾಯದ ಅಡುಗೆ ಅಂತೆ. ಸಾವಿರ ವರ್ಷ ಹಳೆಯದಾ?"

ಅಲ್ಲ. ಸಯಾಮ್ ದೇಶ ಥಾಯ್ಲೆಂಡ್ ಎಂದು ಹೆಸರು ಬದಲಿಸಿಕೊಂಡಿದ್ದೇ 1939ರಲ್ಲಿ. ಜನ ಏನು ಉಡಬೇಕು ಎಂಬುದಕ್ಕೂ ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ ಸರ್ಕಾರ ಆದೇಶ ಹೊರಡಿಸಿದ ಕಾಲ ಅದು. ನೂಡಲ್ಸ್ ತಿನ್ನಿ, ನೂಡಲ್ಸ್ ಮಾರಿ ಎಂದು ಸರ್ಕಾರವೇ ಪ್ರಚಾರ ಮಾಡಿತು. ಆಗಲೇ ಈ ತಿಂಡಿ ಬೀದಿ ಬೀದಿಗೆ ಹರಡಿತು. ನೂಡಲ್ಸನ್ನೂ ಹುರಿಯುವ ವಿಧಾನವನ್ನೂ ತಂದವರು ಚೀನಾದಿಂದ ವಲಸೆ ಬಂದವರು. ಅವರ ವ್ಯಾಪಾರಕ್ಕೆ ಕಡಿವಾಣ ಹಾಕಿದ್ದೂ ಅದೇ ಸರ್ಕಾರ. ಅಡುಗೆ ಬೇಕಿತ್ತು, ಅಡುಗೆ ಮಾಡಿದ ಕೈಯ ಹೆಸರು ಬೇಡವಾಗಿತ್ತು. ಈ ಮಾತು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

"ಹಾಗಾದ್ರೆ ಇದು ಸುಳ್ಳು ಸಂಪ್ರದಾಯವಾ?" ಎಂದಳು.

ನನಗೆ ಚುರುಕ್ಕೆಂದಿತು. ಆ ವಾರವೇ ಸಹೋದ್ಯೋಗಿಯೊಬ್ಬರು "ನಿಮ್ಮ ಧರ್ಮ 1956ರದ್ದು ತಾನೇ?" ಎಂದು ನಕ್ಕಿದ್ದರು. ನಾನು ಬಿಸಿಯಾಗಿ, ಎರಡೂವರೆ ಸಾವಿರ ವರ್ಷದ ಲೆಕ್ಕ ಒಪ್ಪಿಸಿದ್ದೆ. ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವಿದೆ, ಹೋಗಿ ನೋಡಿ ಎಂದಿದ್ದೆ. ಹೇಳಿದ್ದೆಲ್ಲ ನಿಜ. ಆದರೆ ತೂಗಿದ್ದು ಅವರ ತಕ್ಕಡಿಯಲ್ಲಿ. ಹಳೆಯದೆಲ್ಲ ಒಳ್ಳೆಯದಾದರೆ ಅಸ್ಪೃಶ್ಯತೆಯೂ ಬಹಳ ಹಳೆಯದೇ.

ಪರಂಪರೆಯಿಂದ ಬಂತೆಂದು ಯಾವುದನ್ನೂ ಒಪ್ಪಬೇಡಿ, ಅದರಿಂದ ಹಿತವೋ ಅಹಿತವೋ ನೀವೇ ಕಂಡುಕೊಳ್ಳಿ ಎಂದು ಭಗವಾನರು ಕಾಲಾಮರಿಗೆ ತಿಳಿಸಿದರು. ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಧರ್ಮ ಬಿಡುವ ಮಾತಾಡಿದರು. ದೀಕ್ಷೆ ಪಡೆದದ್ದು 21 ವರ್ಷಗಳ ನಂತರ. ಅಷ್ಟು ಕಾಲ ಓದಿ, ಒರೆಗೆ ಹಚ್ಚಿ ಆರಿಸಿಕೊಂಡರು. 1956 ನಮಗೆ ನಾಚಿಕೆಯ ಇಸವಿಯಲ್ಲ.

ಆದರೆ ನನ್ನನ್ನು ಚುಚ್ಚಿದ್ದು ಇನ್ನೊಂದು ನೆನಪು. ಹಿಂದೊಮ್ಮೆ ಮಗಳು "ವಂದನೆಗೆ ಯಾಕೆ ಕೂರಬೇಕು?" ಎಂದು ಕೇಳಿದಾಗ ನಾನು ಹೇಳಿದ್ದು: "ಅದು ನಮ್ಮ ಸಂಪ್ರದಾಯ. ಸುಮ್ನೆ ಕೂತ್ಕೋ."

ನನ್ನ ತಾತನ ಬಾಯಿ ಮುಚ್ಚಿಸಿದ್ದೂ ಇದೇ ಮಾತು.

ತಟ್ಟೆ ತೊಳೆಯುತ್ತಾ ಮಗಳಿಗೆ ಹೇಳಿದೆ: "ಸುಳ್ಳಲ್ಲಮ್ಮಾ. ಹೊಸದು, ಅಷ್ಟೇ. ದಿನಾ ಮನಸ್ಸಿಟ್ಟು ಮಾಡಿದರೆ ಹೊಸದೂ ನಮ್ಮದಾಗುತ್ತೆ. ಅವತ್ತು ನೀನು ಕೇಳಿದ ಪ್ರಶ್ನೆ ಮತ್ತೆ ಕೇಳು. ಈ ಸಲ ಉತ್ತರ ಹೇಳ್ತೀನಿ."

ಇಂದಿನ ಚಿಂತನೆ: ನಮ್ಮ ಮನೆಯಲ್ಲಿ ಮಕ್ಕಳ ಯಾವ ಪ್ರಶ್ನೆಗೆ ನಾವು "ಸಂಪ್ರದಾಯ" ಎಂದು ಹೇಳಿ ಬಾಯಿ ಮುಚ್ಚಿಸಿದ್ದೇವೆ?

ಸಬ್ಬೇ ಸತ್ತಾ ಸುಖೀ ಹೊಂತು. ಜೈ ಭೀಮ್. 🙏