ಬಾಡಿಗೆ ಮನೆಯಲ್ಲಿ ಶಿಲುಬೆ

ಹಿರೇಕೆರೂರು ಕಡೆಯಿಂದ ಇಂಗ್ಲೆಂಡಿಗೆ ಹೋದ ದಾದಿಯೊಬ್ಬಳು ಫೋನಿನಲ್ಲಿ ಅತ್ತಳು: "ಫಾದರ್, ಮಂಚ, ಮೇಜು, ಚಮಚ ಎಲ್ಲವೂ ಮಾಲೀಕನದೇ, ಪಟ್ಟಿ ಮಾಡಿ ಒಪ್ಪಿಸಿದ್ದಾರೆ. ಶಿಲುಬೆಗೊಂದು ಮೊಳೆ ಹೊಡೆಯುವಂತಿಲ್ಲ. ಐದು ತಿಂಗಳಾದರೂ ಪೆಟ್ಟಿಗೆ ಬಿಚ್ಚಿಲ್ಲ. ಇದನ್ನು ಮನೆ ಎನ್ನುವುದು ಹೇಗೆ?"

ಪ್ರಿಯರೇ, ನಮ್ಮದಲ್ಲದ ಕಡೆ ಮನಸ್ಸಿಟ್ಟು ಬಾಳುವುದು ಊರಿಗೆ ಬಗೆದ ದ್ರೋಹವೇ? ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯನು ಪತ್ರ ಬರೆದನು (29ನೇ ಅಧ್ಯಾಯ). ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ಸಾರ. ಮರಳುವ ಆಸೆಯನ್ನು ಅವನು ಕಿತ್ತುಕೊಳ್ಳಲಿಲ್ಲ. ಆ ಆಸೆಯ ನೆಪದಲ್ಲಿ ಇಂದಿನ ಬಾಳನ್ನು ಮುಂದೂಡಬೇಡಿ ಎಂದನು.

ಬೇರು ಬಿಡಲು ನೆಲವೂ ಒಪ್ಪಬೇಕು. ಸವಣೂರಿನ ದೊಡ್ಡ ಹುಣಸೆ ಮರಗಳು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ನಮ್ಮ ಜನ ಅವಕ್ಕೆ ಮನೆಯ ಹೆಸರಿಟ್ಟರು. 2023ರ ಮಳೆಗಾಲದಲ್ಲಿ ಮೂರರಲ್ಲೊಂದು ಉರುಳಿದಾಗ ಎತ್ತಿ ಮತ್ತೆ ನೆಟ್ಟರು.

ಆಕೆಗೆ ಹೇಳಿದೆ: "ಮಗಳೇ, ಶಿಲುಬೆಯನ್ನು ಮೇಜಿನ ಮೇಲಿಡು. ಮಾಲೀಕನ ವಸ್ತುಗಳನ್ನು ನಿನ್ನವೆಂಬಂತೆ ಜೋಪಾನ ಮಾಡು. ನೆರೆಯವರನ್ನು ಚಹಾಕ್ಕೆ ಕರೆ." ಹಾನಗಲ್ಲಿನ ಸ್ವಂತ ಮನೆಯಲ್ಲಿರುವ ನಾವೂ ದೇವರ ಒಕ್ಕಲುಗಳೇ ಅಲ್ಲವೇ?

ನಿಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಪರಊರಿನವರ ಹೆಸರು ಕೇಳಿದ್ದೀರಾ? ಈ ಭಾನುವಾರ ಬಲಿಪೂಜೆ ಮುಗಿಸಿ ಅವರ ಬಾಗಿಲು ತಟ್ಟಿರಿ.