ಎದುರು ತುದಿಯಲ್ಲಿ ನಿಂತವರು

ಕಾಲೇಜಿನಲ್ಲಿ ಮೂರು ನಾಲ್ಕು ಆಟಗಳಲ್ಲಿ ಹೆಸರು ಮಾಡಿದ ಹುಡುಗ ಮುಂದೆ ಹೈಸ್ಕೂಲಿನ ಆಟದ ಮೇಷ್ಟರಾದರೆ ನಮ್ಮ ಮನೆಗಳಲ್ಲಿ ಏನನ್ನುತ್ತೇವೆ? “ಪಾಪ, ಅಷ್ಟೆಲ್ಲ ಆಡಿ ಕಡೆಗೆ ಶಾಲೆ ಸೇರಿದ.” ಅವನ ಹುಡುಗರು ಕಪ್ ಗೆದ್ದು ತಂದ ದಿನ ಅದೇ ನಾಲಿಗೆ “ಮೇಷ್ಟರು ಭಾರಿ ಗಟ್ಟಿಗರು” ಎನ್ನುತ್ತದೆ. ಗುರುವಿನ ಯೋಗ್ಯತೆಯನ್ನು ಶಿಷ್ಯರ ಗೆಲುವಿನಿಂದ ಅಳೆಯುವುದು ಸರಿಯೆ?

ಪುಣೆಯಲ್ಲೇ ಇದಕ್ಕೊಂದು ಉದಾಹರಣೆಯಿದೆ. 1948ರ ಡಿಸೆಂಬರಿನಲ್ಲಿ ಇಲ್ಲಿ ನಡೆದ ರಣಜಿ ಪಂದ್ಯದಲ್ಲಿ ಮಹಾರಾಷ್ಟ್ರದ ಬಿ. ಬಿ. ನಿಂಬಾಳ್ಕರ್ ಕಾಠಿಯಾವಾಡದ ವಿರುದ್ಧ 443 ರನ್ ಹೊಡೆದು ಔಟಾಗದೆ ಉಳಿದರು. ಬ್ರಾಡ್‌ಮನ್ನರ 452ರ ದಾಖಲೆಗೆ ಒಂಬತ್ತೇ ರನ್ ಬಾಕಿಯಿದ್ದಾಗ ಎದುರಾಳಿ ನಾಯಕರು ಪಂದ್ಯವನ್ನೇ ಬಿಟ್ಟುಕೊಟ್ಟರು. ಈ ಕಥೆ ಅನೇಕರಿಗೆ ಗೊತ್ತು. ಆದರೆ ಆ ದಿನ 205 ರನ್ ಹೊಡೆದು, ಎರಡನೆಯ ವಿಕೆಟ್ಟಿಗೆ ನಿಂಬಾಳ್ಕರರೊಡನೆ 455 ರನ್ ಕೂಡಿಸಿದ ಕಮಲ್ ಭಾಂಡಾರ್ಕರರನ್ನು ನೆನೆಯುವವರು ಕಡಿಮೆ.

ಭಾಂಡಾರ್ಕರರು ಮುಂದೆ ತರಬೇತುದಾರರಾದರು. ವಾಡಿಯಾ ಕಾಲೇಜಿನಲ್ಲಿ ಓದುತ್ತಿದ್ದ ಚೇತನ್ ಚೌಹಾನ್ ಅವರ ಕೈಯಲ್ಲಿ ಪಳಗಿದವರು. ಚೌಹಾನ್ 40 ಟೆಸ್ಟುಗಳಲ್ಲಿ 2084 ರನ್ ಗಳಿಸಿದರೂ ಒಂದು ಶತಕವನ್ನೂ ಕಾಣಲಿಲ್ಲ. ಅವರ ಅತ್ಯಧಿಕ ಮೊತ್ತ 97. 1979ರ ಓವಲ್ ಟೆಸ್ಟಿನ ಮಾತು ಬಂದರೆ ಎಲ್ಲರೂ ಗಾವಸ್ಕರರ 221ನ್ನು ಕೊಂಡಾಡುತ್ತಾರೆ. ಆಗ ಎದುರು ತುದಿಯಲ್ಲಿ 80 ಹೊಡೆದು, ಮೊದಲ ವಿಕೆಟ್ಟಿಗೆ 213 ಕೂಡಿಸಲು ನೆರವಾದವರು ಚೌಹಾನ್. ಶತಕವೇ ಅಳತೆಗೋಲಾದರೆ ಶಿಷ್ಯನೂ ಸೋತ, ಗುರುವೂ ಸೋತ. ಹಾಗೆನ್ನಲು ಯಾರ ಮನಸ್ಸು ಒಪ್ಪೀತು?

ಗೆಲುವಿನಲ್ಲಿ ಶಿಷ್ಯನ ಮೈಕಟ್ಟು, ಅದೃಷ್ಟ, ಮನೆಯವರು ಉಣಿಸಿದ ಅನ್ನ ಎಲ್ಲವೂ ಸೇರಿರುತ್ತವೆ. ಅದನ್ನೆಲ್ಲ ಗುರುವಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಾವು ಕಪ್ ಒಂದನ್ನೇ ಕೇಳುತ್ತ ಹೋದರೆ ಮೇಷ್ಟರು ಕಪ್ ತರಬಲ್ಲ ಹನ್ನೊಂದು ಹುಡುಗರನ್ನಷ್ಟೇ ನೋಡುತ್ತಾರೆ. ತರಗತಿಯ ಉಳಿದ ಮಕ್ಕಳು ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಆ ಮಕ್ಕಳಲ್ಲಿ ನಮ್ಮ ಮಗುವೂ ಇರಬಹುದು. ಆಗ ದೋಷ ಮೇಷ್ಟರದಷ್ಟೇ ಅಲ್ಲ, ಕೇಳಿದ ನಮ್ಮದೂ ಹೌದು.

ಹಲವು ಆಟಗಳನ್ನು ಬಲ್ಲ ಮೇಷ್ಟರ ಬೆಲೆ ತಿಳಿಯುವುದು ಇಲ್ಲೇ. ಕ್ರಿಕೆಟ್ಟಿನಲ್ಲಿ ಕೈ ಕುದುರದ ಹುಡುಗನನ್ನು ಅವರು ಖೋ ಖೋ ಅಂಕಣಕ್ಕೆ ಕರೆದೊಯ್ಯುತ್ತಾರೆ. ಓಡಲಾರದವನಿಗೆ ವಾಲಿಬಾಲ್ ಕೊಡುತ್ತಾರೆ. ಈ ಕೆಲಸಕ್ಕೆ ಕಪ್ ಇಲ್ಲ, ದಾಖಲೆಯೂ ಇಲ್ಲ. ಆದರೆ ಮೇಷ್ಟರ ಧರ್ಮ ಇದೇ.

ಊರು ಬಿಟ್ಟು ಬಂದ ನಮಗೆ ಮಕ್ಕಳು ಬೇಗ ಮುಂದೆ ಬರಲೆಂಬ ಅವಸರ ಸಹಜ. ಆದರೂ ಶಾಲೆಯ ವಾರ್ಷಿಕೋತ್ಸವದಲ್ಲಿ ಆಟದ ಮೇಷ್ಟರು ಸಿಕ್ಕಾಗ ಎಷ್ಟು ಕಪ್ ಬಂತೆಂದು ಕೇಳುವುದಕ್ಕೆ ಮೊದಲು, ಈ ವರ್ಷ ಎಷ್ಟು ಮಕ್ಕಳು ಮೈದಾನಕ್ಕಿಳಿದರೆಂದು ಕೇಳೋಣ.