ಹಿಂಸ್ರಪ್ರಾಣಿಯ ರಕ್ಷಣೆ ಮತ್ತು ಶ್ರಾವಕನ ವ್ರತ

ಹುಲಿಯು ಮಾಂಸಾಹಾರಿ. ಬದುಕಿರುವಷ್ಟು ಕಾಲವೂ ಅದು ಜಿಂಕೆ, ಕಡವೆಗಳ ಪ್ರಾಣಹರಣ ಮಾಡಿಯೇ ಬದುಕಬೇಕು. ಅಂತಹ ಪ್ರಾಣಿಯ ಉಳಿವಿಗೆ ನೆರವಾಗುವ ಅಹಿಂಸಾವ್ರತಿಯು ಆ ಜಿಂಕೆಗಳ ವಧೆಯಲ್ಲಿ ಪಾಲುಗಾರನಾಗುವುದಿಲ್ಲವೇ? ಅಷ್ಟಮಿ, ಚತುರ್ದಶಿಗಳಂದು ಉಪವಾಸವನ್ನಾಚರಿಸುವ ಮನೆಗಳಲ್ಲಿ ಈ ಶಂಕೆ ಹುಟ್ಟುವುದು ಸಹಜ. ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕಲಾಗದು.

2025ರ ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿಧಾಮದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದಿದ್ದವು. ಹುಲಿಯು ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷವಿಕ್ಕಲಾಗಿತ್ತು. ಹಸುವನ್ನು ಕಳೆದುಕೊಂಡ ಬಡವನ ಸಂಕಟ ಸುಳ್ಳಲ್ಲ. ಆದರೆ ಆ ಸಂಕಟವು ಕ್ರೋಧವಾಗಿ ತಿರುಗಿದಾಗ ಹೋದ ಹಸು ಮರಳಲಿಲ್ಲ. ಐದು ಪಂಚೇಂದ್ರಿಯ ಜೀವಗಳು ಹೋದವು.

ಇಂತಹ ಕ್ರೋಧಕ್ಕೆ ಧರ್ಮದ ಆಸರೆಯನ್ನು ಹುಡುಕುವವರಿಗೆ ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎಂದೋ ಉತ್ತರವಿತ್ತಿದ್ದಾರೆ. ಒಂದು ಹಿಂಸ್ರಜೀವವನ್ನು ಕೊಂದರೆ ಅನೇಕ ಜೀವಗಳು ಉಳಿಯುವವೆಂಬ ಲೆಕ್ಕಾಚಾರವನ್ನು ಅವರು ಒಪ್ಪುವುದಿಲ್ಲ. ಬದುಕಿದ್ದರೆ ಅದು ಇನ್ನಷ್ಟು ಪಾಪವನ್ನು ಕಟ್ಟಿಕೊಳ್ಳುವುದೆಂಬ ಕರುಣೆಯ ನೆಪವನ್ನೂ ಒಪ್ಪುವುದಿಲ್ಲ. ಕೊಲ್ಲುವವನ ಕಷಾಯವು ಕೊಲ್ಲುವವನಿಗೇ ಬಂಧವಾಗುತ್ತದೆ.

ಕೊಲ್ಲದಿರುವುದು ಸರಿ, ಕಾಪಾಡುವುದೇಕೆ ಎಂದು ಮತ್ತೆ ಕೇಳಬಹುದು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಸ್ವಾಮಿ ಕಾರ್ತಿಕೇಯರು ಅನರ್ಥದಂಡದಲ್ಲಿ ಸೇರಿಸಿದ್ದಾರಲ್ಲವೇ? ನಿಜ. ಆದರೆ ಹುಲಿಯನ್ನು ಅದರ ಕಾಡಿನಲ್ಲಿ ಅದರ ಪಾಡಿಗೆ ಬಿಡುವುದು ಸಾಕುವುದಲ್ಲ. ಹಾಗೆ ಬಿಡುವವನು ಬೇಟೆಯನ್ನು ಒದಗಿಸುವುದಿಲ್ಲ, ವಧೆಯನ್ನು ಕಂಡು ಹಿಗ್ಗುವುದಿಲ್ಲ. ಕೃತ, ಕಾರಿತ, ಅನುಮೋದನೆಗಳಲ್ಲಿ ಯಾವುದೊಂದೂ ಅವನಿಗೆ ತಗುಲದು. ಜಿಂಕೆಯ ನೋವು ಇದರಿಂದ ಇಲ್ಲವಾಗದು. ಅದು ಸಂಸಾರದ ಸ್ವರೂಪ. ಆದರೆ ಕಾಡನ್ನು ಕಡಿದರೆ ಹುಲಿಯೊಡನೆ ಜಿಂಕೆಯೂ ಅಳಿಯುವುದು. ಮರ, ಹುಳು, ಹಕ್ಕಿಗಳೂ ಅಳಿಯುವುವು. ಆ ಹಿಂಸೆಯು ಮಾತ್ರ ಮನುಷ್ಯಕೃತವಾದುದು.

ಹುಲಿಯ ಆತ್ಮವನ್ನು ಕೀಳೆಂದು ಬಗೆಯುವುದೂ ಸಲ್ಲದು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಮಹಾವೀರಸ್ವಾಮಿಯ ಜೀವವು ಒಂದು ಭವದಲ್ಲಿ ಸಿಂಹವಾಗಿತ್ತು. ಚಾರಣಮುನಿಗಳ ಉಪದೇಶದಿಂದ ಅದು ಸಮ್ಯಕ್ತ್ವವನ್ನು ಪಡೆದು, ವ್ರತವನ್ನು ಸ್ವೀಕರಿಸಿತು. ಮಾಂಸವಲ್ಲದೆ ಬೇರೆ ಆಹಾರವಿಲ್ಲದ ಆ ಮೃಗಕ್ಕೆ ವ್ರತವೆಂದರೆ ನಿರಾಹಾರವೇ ಆಯಿತು. ಸಂಜ್ಞಿ ಪಂಚೇಂದ್ರಿಯ ತಿರ್ಯಂಚಕ್ಕೆ ಐದನೆಯ ಗುಣಸ್ಥಾನದವರೆಗೂ ದಾರಿ ತೆರೆದಿದೆ. ಅಂತಹ ಜೀವವನ್ನು ಬರಿಯ ಕ್ರೌರ್ಯದ ಮೂರ್ತಿಯೆಂದು ಕಾಣುವುದು ಸಮ್ಯಗ್ದೃಷ್ಟಿಯಲ್ಲ.

ಹಾಗಾದರೆ ಹುಲಿಯ ರಕ್ಷಣೆಯೆಂದರೆ ಹುಲಿಗೆ ಮನುಷ್ಯನು ನೀಡುವ ಕೊಡುಗೆಯಲ್ಲ. ಮನುಷ್ಯನು ತನಗೆ ಹಾಕಿಕೊಳ್ಳುವ ಮೇರೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. 2006ರ ಗಣತಿಯಲ್ಲಿ ದೇಶದ ಹುಲಿಗಳು ಸುಮಾರು 1411. 2022ರ ಗಣತಿಯ ಅಂದಾಜು 3682. ಇದರಲ್ಲಿ ಕರ್ನಾಟಕದ ಪಾಲು 563. ಈ ಏರಿಕೆಯ ಹಿಂದೆ ಅನೇಕ ಮೇರೆಗಳಿವೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಸಂಚಾರವನ್ನು ನಿಷೇಧಿಸುವ ನಿಯಮ 2009ರಲ್ಲಿ ಜಾರಿಗೆ ಬಂದಿತು. ಇಷ್ಟು ಕಾಲ, ಇಷ್ಟು ಸ್ಥಳ ಎಂದು ಗೊತ್ತುಮಾಡಿಕೊಂಡು ಗಮನಾಗಮನವನ್ನು ನಿಲ್ಲಿಸುವುದಕ್ಕೆ ಶ್ರಾವಕರಲ್ಲಿ ದೇಶವ್ರತವೆಂಬ ಹೆಸರುಂಟು. ಸರಕಾರವು ದಂಡದ ಭಯದಿಂದ ಮಾಡಿಸುವುದನ್ನು ವ್ರತಿಯು ಸ್ವೇಚ್ಛೆಯಿಂದ ಮಾಡುತ್ತಾನೆ.

ಆದರೆ ಮೇರೆಯ ಭಾರವೆಲ್ಲ ಕಾಡಂಚಿನ ಬಡವನ ಹೆಗಲ ಮೇಲೆಯೇ ಬೀಳಬಾರದು. ಅವನು ಹಸುವನ್ನು ಕಳೆದುಕೊಂಡಾಗ, ಪಟ್ಟಣದಲ್ಲಿ ಕುಳಿತು ಅವನಿಗೆ ಕ್ಷಮೆಯನ್ನು ಬೋಧಿಸುವುದು ಸುಲಭ. ಅವನ ಕೊಟ್ಟಿಗೆಯನ್ನು ಭದ್ರಪಡಿಸಿಕೊಡುವುದು, ಸರಕಾರದ ಪರಿಹಾರವು ಅವನಿಗೆ ಬೇಗ ದೊರೆಯುವಂತೆ ಓಡಾಡುವುದು, ಮತ್ತೊಂದು ಹಸುವನ್ನು ಕೊಳ್ಳಲು ನೆರವಾಗುವುದು ನಿಜವಾದ ಕರುಣಾದಾನ. ಅದರಿಂದ ಮನುಷ್ಯನೂ ವಿಷದ ಪಾಪದಿಂದ ಉಳಿಯುತ್ತಾನೆ, ಹುಲಿಯೂ ಉಳಿಯುತ್ತದೆ.

ಅನಗತ್ಯವಾಗಿ ನೆಲ ಅಗೆಯುವುದನ್ನೂ ಗಿಡಮರ ಕಡಿಯುವುದನ್ನೂ ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂದು ಕರೆದರು. ಉಪವಾಸದ ದಿನ ಹಸಿರನ್ನು ತ್ಯಜಿಸಿದ ಶ್ರಾವಕನು ಮರುದಿನ ಕಾಡಿನ ಮರದಿಂದ ವೈಭವದ ಬಾಗಿಲನ್ನು ಮಾಡಿಸಹೊರಟರೆ ಆ ತ್ಯಾಗವು ನಾಲಗೆಯಲ್ಲಿಯೇ ನಿಂತಿತೆಂದು ತಿಳಿಯಬೇಕು. ಭೋಗೋಪಭೋಗಕ್ಕೆ ಪರಿಮಾಣವನ್ನು ಕಟ್ಟಿಕೊಳ್ಳುವಾಗ ತಟ್ಟೆಯೊಡನೆ ಬಾಗಿಲನ್ನೂ ಎಣಿಸುವುದು ಲೇಸು.